ಹೊಸ ಬ್ಯಾಂಡ್ ಕಟ್ಟುತ್ತಿರುವ ಪಳಗಿದ ಕೈಗಳಿಗೆ



ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಈಗಾಗಲೇ ಒಂದೊಂದು ಬ್ಯಾಂಡ್ ಇದೆ, ಇಲ್ಲವೇ ಇತ್ತು. ಒಬ್ಬರ ಗಿಟಾರ್ ಕೇಳಲೆಂದೇ ಜನ ಬರುತ್ತಿದ್ದರು. ಇನ್ನೊಬ್ಬರ ಡ್ರಮ್ಸ್ ಬಗ್ಗೆ ಕಾಲೇಜು ಹುಡುಗರು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಮತ್ತೊಬ್ಬರ ದನಿ ಎರಡು ಸಾಲು ಕೇಳುವಷ್ಟರಲ್ಲಿ ಗುರುತು ಸಿಗುತ್ತಿತ್ತು. ಈಗ ಎಲ್ಲರೂ ಸೇರಿ ಒಂದು ಬ್ಯಾಂಡ್ ಮಾಡೋಣ ಎಂದುಕೊಂಡಿದ್ದೀರಿ. ಬೆಂಗಳೂರಿನಂಥ ಊರಿನಲ್ಲಿ ಈ ಮಾತು ಆಗಾಗ ಹುಟ್ಟುತ್ತದೆ. ಹುಟ್ಟಿದಾಗಲೆಲ್ಲ ನನ್ನಂಥ ಕೇಳುಗರಿಗೆ ಖುಷಿಯಾಗುತ್ತದೆ, ಜೊತೆಗೆ ಹೊಟ್ಟೆಯೊಳಗೆ ಸಣ್ಣ ಅಳುಕೂ ಶುರುವಾಗುತ್ತದೆ. ಯಾಕೆಂದರೆ ಹೀಗೆ ಹೆಸರಾದವರೇ ಸೇರಿ ಕಟ್ಟುವ ಸೂಪರ್‌ಗ್ರೂಪ್‌ಗಳ ಕಥೆ ನಮಗೆ ಗೊತ್ತು. ಅದ್ಭುತವಾಗಿ ಶುರುವಾಗಿ ಒಂದು ಬೇಸಿಗೆಯನ್ನೂ ದಾಟದೆ ಮುಗಿದವು ಇವೆ. ಹತ್ತು ದಿನ ಕೂತು ಮಾಡಿದ ಆಲ್ಬಂ ಮೂವತ್ತು ವರ್ಷ ದಾಟಿಯೂ ಹೊಚ್ಚಹೊಸದಾಗಿ ಕೇಳಿಸುವುದೂ ಇದೆ. ಎರಡರಲ್ಲೂ ಪ್ರತಿಭೆಗೆ ಕೊರತೆ ಇರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಎಷ್ಟೋ ವರ್ಷ ಈ ಬ್ಯಾಂಡ್‌ಗಳನ್ನು ಕೇಳಿ, ಅವುಗಳ ಬಗ್ಗೆ ಓದಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಅವರನ್ನು ಒಂದೆಡೆ ಸೇರಿಸಿದ್ದು ಒಂದು ಹಾಡಾಗಿದ್ದರೆ, ಎಷ್ಟು ದಿನ ಬಾಳಿದರೂ ಬಾಳು ಸಾರ್ಥಕವಾಯಿತು. ಸೇರಿಸಿದ್ದು ಹೆಸರುಗಳಾಗಿದ್ದರೆ, ಮುಂದೆ ಆ ಹೆಸರುಗಳೇ ಅವರನ್ನು ಬೇರೆ ಮಾಡಿದವು. ಇದನ್ನು ನಿಮ್ಮ ಮುಂದೆ ವಿವರವಾಗಿ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಎಲ್ಲರೂ ಶುರು ಮಾಡುವ ಕಡೆಯಿಂದಲೇ ನಾನೂ ಶುರು ಮಾಡುತ್ತೇನೆ, ಯಾಕೆಂದರೆ ಕ್ರೀಮ್ ಬ್ಯಾಂಡ್‌ನಲ್ಲಿ ಎಲ್ಲವೂ ಇದೆ. 1966ರ ಲಂಡನ್. ಡ್ರಮ್ಮರ್ ಜಿಂಜರ್ ಬೇಕರ್ ಒಂದು ಕಾರ್ಯಕ್ರಮ ಮುಗಿದ ಮೇಲೆ ಎರಿಕ್ ಕ್ಲಾಪ್ಟನ್‌ನನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದಾನೆ. ದಾರಿಯಲ್ಲಿ ಹೊಸ ಬ್ಯಾಂಡ್ ಮಾಡೋಣವಾ ಎಂದು ಕೇಳುತ್ತಾನೆ. ಆಗಲಿ, ಆದರೆ ಬೇಸ್ ನುಡಿಸೋದಕ್ಕೆ ಜ್ಯಾಕ್ ಬ್ರೂಸ್ ಬರಬೇಕು ಎನ್ನುತ್ತಾನೆ ಕ್ಲಾಪ್ಟನ್. ಆ ಹೆಸರು ಕಿವಿಗೆ ಬಿದ್ದದ್ದೇ ಬೇಕರ್‌ಗೆ ಸ್ಟಿಯರಿಂಗ್ ಕೈ ತಪ್ಪುವಷ್ಟಾಯಿತಂತೆ. ಕ್ಲಾಪ್ಟನ್‌ಗೆ ಆಗ ಹಿನ್ನೆಲೆ ಗೊತ್ತಿರಲಿಲ್ಲ. ಬೇಕರ್ ಮತ್ತು ಬ್ರೂಸ್ ಇಬ್ಬರೂ ಗ್ರಹಾಂ ಬಾಂಡ್ ಆರ್ಗನೈಸೇಶನ್‌ನಲ್ಲಿ ಒಟ್ಟಿಗಿದ್ದವರು. ವೇದಿಕೆಯ ಮೇಲೆಯೇ ಜಗಳವಾಡಿದವರು. ಕೊನೆಗೆ ಬೇಕರ್ ಚಾಕು ತೋರಿಸಿ ಬ್ರೂಸ್‌ನನ್ನು ಬ್ಯಾಂಡ್‌ನಿಂದ ಓಡಿಸಿದ್ದ. ಅಂಥವನ ಮನೆಗೇ ಬೇಕರ್ ಈಗ ಹೋಗಿ ಬಾ ಎಂದು ಕರೆಯಬೇಕಾಯಿತು. ಕರೆದ. ಬ್ರೂಸ್ ಬಂದ.

ಇದನ್ನು ಓದಿದವರು ಕ್ರೀಮ್ ಒಡೆದದ್ದು ದ್ವೇಷದಿಂದ ಎಂದು ಸುಲಭವಾಗಿ ತೀರ್ಮಾನ ಮಾಡಿಬಿಡುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಹಾಗೆ ದ್ವೇಷವಿದ್ದೂ ಅವರು ಎರಡೂವರೆ ವರ್ಷದಲ್ಲಿ ನಾಲ್ಕು ಆಲ್ಬಂಗಳಿಗಾಗುವಷ್ಟು ಸಂಗೀತ ಮಾಡಿದರು. 1968ರ 'ವೀಲ್ಸ್ ಆಫ್ ಫೈರ್' ಪ್ಲಾಟಿನಂ ಮಾರಾಟ ಕಂಡ ಮೊದಲ ಡಬಲ್ ಆಲ್ಬಂ. ಕೆಡಿಸಿದ್ದು ಬೇರೆ. ಅವರಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಬ್ಯಾಂಡ್ ಕಟ್ಟಲು ಬಂದಿದ್ದರು. ಚಿಕಾಗೋದ ಬಡ್ಡಿ ಗೈ ಮೂವರ ತಂಡ ಇಟ್ಟುಕೊಂಡು ನುಡಿಸುತ್ತಿದ್ದಂತೆ ತಾನು ಮುಂದೆ ನಿಂತು ಬ್ಲೂಸ್ ನುಡಿಸಬೇಕು ಎಂದು ಕ್ಲಾಪ್ಟನ್ ಕನಸು ಕಂಡಿದ್ದ. ಬ್ರೂಸ್ ಮತ್ತು ಬೇಕರ್ ಜಾಝ್‌ನಲ್ಲಿ ಬೆಳೆದವರು. ಅವರಿಗೆ ಹಿಂದೆ ನಿಂತು ತಾಳ ಹಿಡಿಯುವ ಕೆಲಸ ಬೇಕಿರಲಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂಬ ಮಾತು ಶುರುವಿನಲ್ಲಿ ಆಗಲೇ ಇಲ್ಲ. ಆಗದೇ ಇದ್ದುದರಿಂದ ವೇದಿಕೆಯ ಮೇಲೆ ಮೂವರೂ ಮುಂದೆಯೇ ನಿಂತರು.

ಸ್ಟುಡಿಯೊದಲ್ಲಿ ಫೆಲಿಕ್ಸ್ ಪಪ್ಪಲಾರ್ಡಿ ಎಂಬ ನಿರ್ಮಾಪಕನಿದ್ದ. ಅವನ ಕೈಯಲ್ಲಿ ಹಾಡುಗಳು ಮೂರು ನಾಲ್ಕು ನಿಮಿಷದೊಳಗೆ ಅಚ್ಚುಕಟ್ಟಾಗಿ ಮುಗಿಯುತ್ತಿದ್ದವು. ವೇದಿಕೆಗೆ ಬಂದರೆ ಅದೇ ಮೂವರು ಹದಿನೈದು ಇಪ್ಪತ್ತು ನಿಮಿಷ ಒಬ್ಬರ ಮೇಲೊಬ್ಬರು ಏರಿ ನುಡಿಸುತ್ತಿದ್ದರು. 'ವೀಲ್ಸ್ ಆಫ್ ಫೈರ್'ನ ಲೈವ್ ಭಾಗದಲ್ಲಿ 'ಸ್ಪೂನ್‌ಫುಲ್' 16 ನಿಮಿಷ ದಾಟುತ್ತದೆ, ಬೇಕರ್‌ನ ಡ್ರಮ್ ಸೋಲೊ ಇರುವ 'ಟೋಡ್' ಕೂಡ ಅಷ್ಟೇ. ಒಳ್ಳೆಯ ರಾತ್ರಿಗಳಲ್ಲಿ ಅದು ಮೈ ನವಿರೇಳಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆಂಪ್‌ಗಳು ಒಂದರ ಮೇಲೊಂದು ಏರುತ್ತಾ ಹೋದ ಹಾಗೆ ಒಬ್ಬರ ನಾದ ಇನ್ನೊಬ್ಬರ ಕಿವಿಗೆ ಬೀಳುವುದೇ ನಿಂತಿತು. ಒಮ್ಮೆ ಕ್ಲಾಪ್ಟನ್ ಮಧ್ಯದಲ್ಲಿ ನುಡಿಸುವುದನ್ನೇ ನಿಲ್ಲಿಸಿದನಂತೆ. ಉಳಿದಿಬ್ಬರಿಗೂ ಅದು ಗೊತ್ತಾಗಲಿಲ್ಲ! ಈ ಪ್ರಸಂಗವನ್ನು ಅವನೇ ಹೇಳಿಕೊಂಡಿದ್ದಾನೆ. ಒಂದು ಬ್ಯಾಂಡ್‌ಗೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದು ನನಗೆ ತೋಚುತ್ತಿಲ್ಲ. 1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರು ವಿದಾಯ ಹೇಳಿದರು.

ನಮ್ಮ ತಾಳಮದ್ದಳೆಯನ್ನು ಇಲ್ಲಿ ನೆನೆಯದೆ ಇರಲಾರೆ. ಬೇರೆ ಬೇರೆ ಕಡೆಯ ಘಟಾನುಘಟಿ ಅರ್ಥಧಾರಿಗಳು ಒಂದೇ ರಾತ್ರಿಗೆ ಕೂಡುತ್ತಾರೆ. ಬರೆದ ಮಾತಿಲ್ಲ, ತಾಲೀಮಿಲ್ಲ. ಆದರೂ ಕೂಟ ಕಳೆಗಟ್ಟುತ್ತದೆ. ಪ್ರಸಂಗ ಯಾವುದೆಂದು ಎಲ್ಲರಿಗೂ ಗೊತ್ತು, ಪಾತ್ರಗಳು ಹಂಚಿಕೆಯಾಗಿವೆ, ಎಲ್ಲಕ್ಕಿಂತ ಮುಖ್ಯವಾಗಿ ಭಾಗವತರಿದ್ದಾರೆ. ಅವರು ಮುಂದಿನ ಪದ ಎತ್ತಿದರೆ ಎಂಥ ವಾಗ್ಮಿಯಾದರೂ ಮಾತು ಮುಗಿಸಲೇಬೇಕು. ರಾಕ್ ಬ್ಯಾಂಡ್‌ಗೆ ಅಂಥ ಏರ್ಪಾಡು ಪರಂಪರೆಯಿಂದ ಬಂದಿಲ್ಲ. ಪ್ರತಿಯೊಂದು ಬ್ಯಾಂಡ್ ಅದನ್ನು ತಾನೇ ಮಾಡಿಕೊಳ್ಳಬೇಕು. ಹದಿನೇಳು ಹದಿನೆಂಟರ ಹುಡುಗರು ಮನೆಯ ಗ್ಯಾರೇಜಿನಲ್ಲಿ ಬ್ಯಾಂಡ್ ಕಟ್ಟುವಾಗ ಅದು ತಿಳಿಯದೆಯೇ, ಜಗಳವಾಡುತ್ತಾ, ಪೆಟ್ಟು ತಿನ್ನುತ್ತಾ ಆಗಿಹೋಗುತ್ತದೆ. ಹೆಸರು ಮಾಡಿದ ಮೇಲೆ ಸೇರುವವರಿಗೆ ಆ ಕಾಲಾವಕಾಶ ಇರುವುದಿಲ್ಲ. ನಿಮಗೂ ಇಲ್ಲ. ಮೊದಲ ಗಿಗ್‌ನ ದಿನವೇ ಫೋನ್ ಎತ್ತಿ ಹಿಡಿದ ನೂರಾರು ಕೈಗಳು ಎದುರಿಗಿರುತ್ತವೆ.

ಕ್ರೀಮ್ ಮುಗಿದ ಮೇಲೆ ನಡೆದದ್ದು ಇನ್ನೂ ನೋವಿನ ಕಥೆ. ಕ್ಲಾಪ್ಟನ್ ಸದ್ದುಗದ್ದಲ ಬೇಡವೆಂದು ಟ್ರಾಫಿಕ್ ಬ್ಯಾಂಡ್‌ನ ಸ್ಟೀವ್ ವಿನ್‌ವುಡ್ ಜೊತೆ ಸುಮ್ಮನೆ ಕೂತು ನುಡಿಸತೊಡಗಿದ್ದ. ಇಬ್ಬರಿಗೂ ಹಿತವಾಗಿತ್ತು. ಬೇಕರ್ ಬಂದು ಸೇರಿಕೊಂಡ. ಕ್ಲಾಪ್ಟನ್ ಹಿಂಜರಿದರೂ ವಿನ್‌ವುಡ್ ಬರಲಿ ಎಂದ. ಫ್ಯಾಮಿಲಿ ಬ್ಯಾಂಡ್‌ನಿಂದ ರಿಕ್ ಗ್ರೆಚ್ ಬೇಸ್ ನುಡಿಸಲು ಬಂದ. ಇನ್ನೂ ನಾಲ್ಕು ಹಾಡು ಗಟ್ಟಿಯಾಗಿ ಕೂತಿರಲಿಲ್ಲ, ಅಷ್ಟರಲ್ಲಿ ಸುದ್ದಿ ಹಬ್ಬಿತು. 1969ರ ಜೂನ್ 7ರಂದು ಬ್ಲೈಂಡ್ ಫೇತ್ ಎಂಬ ಹೆಸರಿನಲ್ಲಿ ಅವರ ಮೊದಲ ಕಾರ್ಯಕ್ರಮ. ಎಲ್ಲಿ? ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ, ಸುಮಾರು ಒಂದು ಲಕ್ಷ ಜನರ ಮುಂದೆ. ಯೋಚನೆ ಮಾಡಿ. ಯಾವ ಬ್ಯಾಂಡಾದರೂ ಮೊದಲ ಕಾರ್ಯಕ್ರಮದಲ್ಲಿ ತಪ್ಪು ಮಾಡುತ್ತದೆ, ಮಾಡಬೇಕು ಕೂಡ. ಇವರು ಆ ತಪ್ಪುಗಳನ್ನು ಲಕ್ಷ ಜನರ ಮುಂದೆ ಮಾಡಬೇಕಾಯಿತು. ಆ ದಿನದ ಚಿತ್ರೀಕರಣ ಈಗಲೂ ಸಿಗುತ್ತದೆ, ನೋಡಿ. ಕ್ಲಾಪ್ಟನ್ ಅಳೆದು ತೂಗಿ ನುಡಿಸುತ್ತಾನೆ, ಇನ್ನೊಬ್ಬರ ಮನೆಗೆ ಬಂದವನ ಹಾಗೆ.

ಆಮೇಲೆ ಅಮೆರಿಕ. ದೊಡ್ಡ ದೊಡ್ಡ ಕ್ರೀಡಾಂಗಣಗಳು. ಬಂದವರು ಬ್ಲೈಂಡ್ ಫೇತ್ ಕೇಳಲು ಬಂದವರಲ್ಲ, ಕ್ರೀಮ್ ಕೇಳಲು ಬಂದವರು. ಹಳೆಯ ಹಾಡು ನುಡಿಸಿ ಎಂದು ಕೂಗಿದರು. ಇವರು ನುಡಿಸಿದರು, ಯಾಕೆಂದರೆ ಸಂಜೆ ತುಂಬುವಷ್ಟು ಹೊಸ ಹಾಡುಗಳೇ ಅವರಲ್ಲಿ ಇರಲಿಲ್ಲ. ಆಲ್ಬಂನಲ್ಲಿ ಇದ್ದದ್ದು ಒಟ್ಟು ಆರು ಹಾಡು, ಅದರಲ್ಲಿ ಒಂದು ಬೇಕರ್‌ನ 15 ನಿಮಿಷದ ರಚನೆ. ಆಗಸ್ಟ್‌ನಲ್ಲಿ ಹೊರಬಂದ ಆ ಆಲ್ಬಂ ಮುಂದೆ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದೇ ಆಗಸ್ಟ್ 24ಕ್ಕೆ ಹವಾಯಿಯಲ್ಲಿ ಬ್ಯಾಂಡ್ ಮುಗಿಯಿತು. ಎರಡೂವರೆ ತಿಂಗಳು, ಅಷ್ಟೇ.

ಆ ಪ್ರವಾಸದಲ್ಲಿ ಕ್ಲಾಪ್ಟನ್ ತನ್ನ ಬ್ಯಾಂಡ್ ಬಿಟ್ಟು ತಮಗಿಂತ ಮೊದಲು ವೇದಿಕೆ ಏರುತ್ತಿದ್ದ ಡೆಲನಿ ಅಂಡ್ ಬಾನಿ ತಂಡದವರ ಜೊತೆ ಓಡಾಡಿದ. ಅವರ ಬಸ್ಸಿನಲ್ಲಿ ಗಿಟಾರ್ ಹಿಡಿದು ಹಾಡುತ್ತಾ ಹೋಗುವುದು ಅವನಿಗೆ ಇಷ್ಟವಾಗಿತ್ತು. ಮರುವರ್ಷ ಅದೇ ತಂಡದ ಕೆಲವರನ್ನು ಸೇರಿಸಿಕೊಂಡು ಡೆರೆಕ್ ಅಂಡ್ ದಿ ಡಾಮಿನೋಸ್ ಎಂಬ ಬ್ಯಾಂಡ್ ಮಾಡಿದ, ತನ್ನ ಹೆಸರು ಎಲ್ಲೂ ಕಾಣದಂತೆ. 'ಲೈಲಾ' ಹುಟ್ಟಿದ್ದು ಅಲ್ಲಿ. ಅವನ ಅತ್ಯುತ್ತಮ ಕೆಲಸ ಅದೇ ಎಂದು ನಾನು ನಂಬುತ್ತೇನೆ. ರೆಕಾರ್ಡ್ ಕಂಪನಿಯವರು ಮಾತ್ರ ಸುಮ್ಮನಿರಲಾರದೆ ಡೆರೆಕ್ ಅಂದರೆ ಎರಿಕ್ ಎಂದು ಸಾರುವ ಬ್ಯಾಡ್ಜ್ ಮಾಡಿ ಹಂಚಿದರು. ಹೆಸರು ಮುಚ್ಚಿಟ್ಟುಕೊಳ್ಳುವುದಕ್ಕೂ ಮಾರುಕಟ್ಟೆ ಬಿಡುವುದಿಲ್ಲ, ಇದನ್ನು ನೀವು ಈಗಲೇ ತಿಳಿದಿರುವುದು ಒಳ್ಳೆಯದು.

ಇನ್ನೊಂದು ತೀರಕ್ಕೆ ಬರೋಣ. 1968, ಲಾಸ್ ಏಂಜಲಿಸ್‌ನ ಲಾರೆಲ್ ಕ್ಯಾನ್ಯನ್. ಬರ್ಡ್ಸ್ ಬ್ಯಾಂಡ್‌ನಿಂದ ಹೊರಹಾಕಿಸಿಕೊಂಡಿದ್ದ ಡೇವಿಡ್ ಕ್ರಾಸ್ಬಿ, ಬಫಲೊ ಸ್ಪ್ರಿಂಗ್‌ಫೀಲ್ಡ್ ಒಡೆದು ಒಂಟಿಯಾಗಿದ್ದ ಸ್ಟೀಫನ್ ಸ್ಟಿಲ್ಸ್, ಇಂಗ್ಲೆಂಡಿನ ಹಾಲೀಸ್ ಬ್ಯಾಂಡ್‌ನಲ್ಲಿ ಉಸಿರುಗಟ್ಟಿದ್ದ ಗ್ರಹಾಂ ನ್ಯಾಶ್. ಒಂದು ಸಂಜೆ ಸ್ಟಿಲ್ಸ್ ಮತ್ತು ಕ್ರಾಸ್ಬಿ ಒಂದು ಹಾಡು ಹೇಳಿದರು. ನ್ಯಾಶ್ ಇನ್ನೊಮ್ಮೆ ಹಾಡಿ ಎಂದ. ಹಾಡಿದರು. ಮತ್ತೊಮ್ಮೆ ಎಂದ. ಮೂರನೆಯ ಸಲ ಅವನೂ ಮೇಲಿನ ಶ್ರುತಿಯಲ್ಲಿ ದನಿ ಸೇರಿಸಿದ. ಮೂವರೂ ಹಾಡು ನಿಲ್ಲಿಸಿ ನಗತೊಡಗಿದರಂತೆ, ಅಷ್ಟು ಸರಿಯಾಗಿ ಕೂತಿತ್ತು. ಇದು ನಡೆದದ್ದು ಜೋನಿ ಮಿಚೆಲ್ ಮನೆಯಲ್ಲೋ ಕ್ಯಾಸ್ ಎಲಿಯಟ್ ಮನೆಯಲ್ಲೋ ಎಂಬುದರ ಬಗ್ಗೆ ಅವರಲ್ಲಿಯೇ ಒಮ್ಮತವಿಲ್ಲ. ಆದರೆ ಮೂರನೆಯ ಸಲ ಏನಾಯಿತು ಎಂಬುದರ ಬಗ್ಗೆ ಮೂವರಿಗೂ ಅನುಮಾನವಿರಲಿಲ್ಲ. ಹಿಂದಿನ ಬ್ಯಾಂಡ್‌ಗಳಲ್ಲಿ ಪೆಟ್ಟು ತಿಂದಿದ್ದರಿಂದ ತಮ್ಮ ಮನೆತನದ ಹೆಸರುಗಳನ್ನೇ ಬ್ಯಾಂಡ್‌ಗೆ ಇಟ್ಟುಕೊಂಡರು. ಯಾರನ್ನೋ ತೆಗೆದು ಇನ್ಯಾರನ್ನೋ ತಂದು ಅದೇ ಹೆಸರಿನಲ್ಲಿ ವ್ಯಾಪಾರ ನಡೆಸುವುದು ಇನ್ನು ಸಾಧ್ಯವಿಲ್ಲ ಎಂಬ ಲೆಕ್ಕ ಅದರಲ್ಲಿತ್ತು.

1969ರ ಮೇ ತಿಂಗಳ ಮೊದಲ ಆಲ್ಬಂನಲ್ಲಿ ಡ್ರಮ್ಸ್ ಬಿಟ್ಟು ಹೆಚ್ಚಿನ ವಾದ್ಯಗಳನ್ನೆಲ್ಲ ಸ್ಟಿಲ್ಸ್ ಒಬ್ಬನೇ ನುಡಿಸಿದ. ಉಳಿದಿಬ್ಬರಿಗೆ ಅದರ ಬಗ್ಗೆ ತಕರಾರಿರಲಿಲ್ಲ, ಮೂರು ದನಿ ಒಟ್ಟಿಗೆ ಏಳುವಾಗ ಮಿಕ್ಕಿದ್ದೆಲ್ಲ ಅದರ ಕೆಳಗೆ. ವೇದಿಕೆಗೆ ಹೋಗಬೇಕಾದಾಗ ಇನ್ನೊಬ್ಬ ವಾದಕ ಬೇಕಾಯಿತು. ಅಟ್ಲಾಂಟಿಕ್ ಕಂಪನಿಯ ಅಹ್ಮೆತ್ ಎರ್ತೆಗುನ್ ಸೂಚಿಸಿದ್ದು ನೀಲ್ ಯಂಗ್‌ನನ್ನು. ಯಂಗ್ ಮತ್ತು ಸ್ಟಿಲ್ಸ್ ಬಫಲೊ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗಿಟಾರ್ ಕಾಳಗ ನಡೆಸಿದವರು. ಹಳೆಯ ಲೆಕ್ಕವೂ ಹೊಸ ಬ್ಯಾಂಡ್‌ಗೆ ಬಂತು. 1970ರ 'ದೇಜಾ ವು' ಆಲ್ಬಂಗೆ ಸ್ಟುಡಿಯೊದಲ್ಲಿ ಸುಮಾರು 800 ಗಂಟೆ ಹಿಡಿಯಿತು ಎಂದು ಸ್ಟಿಲ್ಸ್ ಅಂದಾಜಿಸಿದ್ದ. ಒಬ್ಬೊಬ್ಬರು ತಮ್ಮ ತಮ್ಮ ಹಾಡು ಕಟ್ಟಿಕೊಂಡು, ಮಿಕ್ಕವರು ಬಂದು ದನಿ ಸೇರಿಸಿ ಹೋಗುವುದು ನಡೆಯಿತು. ಅಷ್ಟರಲ್ಲಿ ಕ್ರಾಸ್ಬಿಯ ಗೆಳತಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಳು. ಆ ದುಃಖ ಇಡೀ ಸ್ಟುಡಿಯೊವನ್ನು ತುಂಬಿತ್ತು.

ಆ 800 ಗಂಟೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. 1970ರ ಮೇ 4ರಂದು ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಪತ್ರಿಕೆಯಲ್ಲಿ ಚಿತ್ರಗಳನ್ನು ನೋಡಿದ ಯಂಗ್ ಕೂತಲ್ಲೇ 'ಒಹಾಯೊ' ಬರೆದ. ಮೇ 21ಕ್ಕೆ ನಾಲ್ವರೂ ಲಾಸ್ ಏಂಜಲಿಸ್‌ನ ಸ್ಟುಡಿಯೊದಲ್ಲಿದ್ದರು, ಕೆಲವೇ ಟೇಕ್‌ಗಳಲ್ಲಿ ಎಲ್ಲರೂ ಒಟ್ಟಿಗೆ ನಿಂತು ನುಡಿಸಿ ಮುಗಿಸಿದರು. ಜೂನ್‌ನಲ್ಲಿ ರೆಕಾರ್ಡ್ ಅಂಗಡಿಗೆ ಬಂತು. ಹಾಡಿನ ಕೊನೆಯಲ್ಲಿ ಕ್ರಾಸ್ಬಿಯ ದನಿ ಒಡೆಯುತ್ತದೆ, ಅದು ಅಭಿನಯ ಅಲ್ಲ. ಮಾತು ಬಿಟ್ಟಿದ್ದವರು, ಒಂದು ಆಲ್ಬಂ ಮುಗಿಸಲು ತಿಂಗಳುಗಟ್ಟಲೆ ಒದ್ದಾಡಿದವರು, ಒಂದು ಹಾಡು ಕರೆದಾಗ ಒಂದೇ ಸಿಟ್ಟಿಂಗ್‌ನಲ್ಲಿ ಬ್ಯಾಂಡ್ ಆದರು! ಹಾಡು ಮುಗಿಯಿತು, ಮತ್ತೆ ಹಿಂದಿನ ಹಾಗೆಯೇ ಆದರು. ಜುಲೈನಲ್ಲಿ ಪ್ರವಾಸ ಮುಗಿಯುವ ಹೊತ್ತಿಗೆ ಬ್ಯಾಂಡ್ ಒಡೆದಿತ್ತು. ಒಂದು ವರ್ಷದೊಳಗೆ ನಾಲ್ವರೂ ಒಂದೊಂದು ಸೋಲೊ ಆಲ್ಬಂ ಹೊರತಂದರು. 1976ರಲ್ಲಿ ಸ್ಟಿಲ್ಸ್ ಮತ್ತು ಯಂಗ್ ಮಾಡುತ್ತಿದ್ದ ಆಲ್ಬಂಗೆ ಕ್ರಾಸ್ಬಿ ಮತ್ತು ನ್ಯಾಶ್ ಬಂದು ಹಾಡಿಹೋದರೆ, ಆ ದನಿಗಳನ್ನು ಟೇಪಿನಿಂದ ಅಳಿಸಿಹಾಕಲಾಯಿತು. ಸಿಟ್ಟು ಬರುವಂಥ ಕೆಲಸ. ನನಗಂತೂ ಇವತ್ತಿಗೂ ಬರುತ್ತದೆ.

ಹೆಸರುಗಳ ಬಲದ ಮೇಲೆ ನಿಂತು ಗೆದ್ದವರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಯೆಸ್, ಕಿಂಗ್ ಕ್ರಿಮ್ಸನ್, ಎಮರ್ಸನ್ ಲೇಕ್ ಅಂಡ್ ಪಾಮರ್ ಬ್ಯಾಂಡ್‌ಗಳಿಂದ ಬಂದ ನಾಲ್ವರು ಸೇರಿ ಮಾಡಿದ ಏಷಿಯಾ ಬ್ಯಾಂಡ್‌ನ ಮೊದಲ ಆಲ್ಬಂ 1982ರಲ್ಲಿ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಇಪ್ಪತ್ತು ನಿಮಿಷದ ರಚನೆಗಳಿಗೆ ಹೆಸರಾದವರು ರೇಡಿಯೊಗೆ ಒಗ್ಗುವ ಚಿಕ್ಕ ಹಾಡುಗಳಿಗೆ ಇಳಿದಿದ್ದರು. ನನಗೆ ಆ ಆಲ್ಬಂ ಮೇಲೆ ಕೋಪವಿಲ್ಲ, ಒಳ್ಳೆಯ ಹಾಡುಗಳಿವೆ. ಆದರೆ ಮರುವರ್ಷದ ಎರಡನೆಯ ಆಲ್ಬಂ ಅಷ್ಟು ಓಡಲಿಲ್ಲ, ಆ ವರ್ಷವೇ ಮುಖ್ಯ ಗಾಯಕ ಜಾನ್ ವೆಟನ್ ಹೊರಗಿದ್ದ. 1983ರ ಡಿಸೆಂಬರ್‌ನ ಟೋಕಿಯೊ ಕಾರ್ಯಕ್ರಮದಲ್ಲಿ ಅವನ ಜಾಗದಲ್ಲಿ ಗ್ರೆಗ್ ಲೇಕ್ ಹಾಡಿದ. ಗನ್ಸ್ ಅಂಡ್ ರೋಸಸ್‌ನ ಮೂವರ ಜೊತೆ ಗಾಯಕ ಸ್ಕಾಟ್ ವೈಲಂಡ್ ಸೇರಿದ್ದ ವೆಲ್ವೆಟ್ ರಿವಾಲ್ವರ್ ಕಥೆಯೂ ಅಂಥದ್ದೇ: 2004ರಲ್ಲಿ ಮೊದಲ ಸ್ಥಾನ, 2008ರಲ್ಲಿ ಗಾಯಕನಿಗೆ ಬಾಗಿಲು.

ಆಡಿಯೋಸ್ಲೇವ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅದು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ರೇಜ್ ಅಗೇನ್‌ಸ್ಟ್ ದಿ ಮಷಿನ್‌ನ ಗಾಯಕ 2000ದಲ್ಲಿ ಬಿಟ್ಟುಹೋದ ಮೇಲೆ ಉಳಿದ ಮೂವರಿಗೆ ಸೌಂಡ್‌ಗಾರ್ಡನ್‌ನ ಕ್ರಿಸ್ ಕಾರ್ನೆಲ್ ಹೆಸರು ಹೇಳಿದ್ದು ನಿರ್ಮಾಪಕ ರಿಕ್ ರೂಬಿನ್. ಕೂತರು, 19 ದಿನದಲ್ಲಿ 21 ಹಾಡು ಬರೆದರು. ಸಂಗೀತದಲ್ಲಿ ಎಲ್ಲವೂ ಸರಿ ಇತ್ತು. ಆದರೆ ಕಾರ್ನೆಲ್‌ಗೆ ಒಬ್ಬ ಮ್ಯಾನೇಜರ್, ಮಿಕ್ಕ ಮೂವರಿಗೆ ಇನ್ನೊಬ್ಬ. ಆ ಎರಡು ಕಡೆಯವರ ಜಗ್ಗಾಟದಲ್ಲಿ ಆಲ್ಬಂ ಹೊರಬರುವ ಮೊದಲೇ, 2002ರ ಮಾರ್ಚ್‌ನಲ್ಲಿ, ಕಾರ್ನೆಲ್ ಬಿಟ್ಟುಹೋದ. ಎರಡೂ ಕಡೆಯ ಮ್ಯಾನೇಜರ್‌ಗಳನ್ನು ಕೈಬಿಟ್ಟು ಎಲ್ಲರಿಗೂ ಒಂದೇ ಸಂಸ್ಥೆ ನೇಮಿಸಿಕೊಂಡ ಮೇಲೆ ಬ್ಯಾಂಡ್ ಮತ್ತೆ ಕೂಡಿತು. ಆಮೇಲೆ ಮೂರು ಆಲ್ಬಂ, 2005ರಲ್ಲಿ ಹವಾನಾದ ಬಯಲಿನಲ್ಲಿ ಉಚಿತ ಕಾರ್ಯಕ್ರಮ. ಕ್ಯೂಬಾದಲ್ಲಿ ಹಾಗೆ ಬಯಲಿನಲ್ಲಿ ನುಡಿಸಿದ ಮೊದಲ ಅಮೆರಿಕನ್ ರಾಕ್ ಬ್ಯಾಂಡ್ ಅವರೇ. ನಿಮ್ಮ ಬುಕಿಂಗ್ ನೋಡಿಕೊಳ್ಳುವವರು ಯಾರು, ಒಬ್ಬರೇನಾ, ಎಂಬುದನ್ನು ಹಾಡಿನಷ್ಟೇ ಗಂಭೀರವಾಗಿ ತೀರ್ಮಾನಿಸಿ.

ಹಣದ ಮಾತೂ ಬಂತು, ಅದನ್ನೂ ಬಿಚ್ಚಿ ಹೇಳಿಬಿಡುತ್ತೇನೆ. ಕ್ರೀಮ್‌ನ 'ಸನ್‌ಶೈನ್ ಆಫ್ ಯುವರ್ ಲವ್' ರಿಫ್ ನಿಮ್ಮಲ್ಲಿ ಗಿಟಾರ್ ಕಲಿತ ಪ್ರತಿಯೊಬ್ಬರೂ ನುಡಿಸಿದ್ದೀರಿ. 1967ರ ಜನವರಿಯಲ್ಲಿ ಲಂಡನ್ನಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾರ್ಯಕ್ರಮ ನೋಡಿ ಬಂದು ಬ್ರೂಸ್ ಅದನ್ನು ಕಟ್ಟಿದ. ಹಾಡಿನ ಕ್ರೆಡಿಟ್ ಬ್ರೂಸ್, ಕ್ಲಾಪ್ಟನ್ ಮತ್ತು ಸಾಹಿತ್ಯ ಬರೆದ ಪೀಟ್ ಬ್ರೌನ್ ಹೆಸರಿನಲ್ಲಿದೆ. ಹಾಡನ್ನು ನಿಧಾನಗೊಳಿಸಿ ಆ ಪೆಟ್ಟು ಕೊಟ್ಟದ್ದು ತಾನು, ತನಗೆ ಏನೂ ಸಿಗಲಿಲ್ಲ ಎಂದು ಬೇಕರ್ ಕೊನೆಯವರೆಗೂ ಹೇಳುತ್ತಲೇ ಇದ್ದ. ಯಾರು ಸರಿ ಎಂದು ತೀರ್ಪು ಕೊಡುವ ಜಾಗದಲ್ಲಿ ನಾನಿಲ್ಲ. ಆದರೆ ಆ ಡ್ರಮ್ಸ್ ತೆಗೆದು ಆ ಹಾಡನ್ನು ಕೇಳಿಸಿಕೊಳ್ಳಲು ಪ್ರಯತ್ನಿಸಿ, ಆಗುವುದಿಲ್ಲ. 2005ರ ಮೇ ತಿಂಗಳಲ್ಲಿ ಕ್ರೀಮ್ ಮತ್ತೆ ಆಲ್ಬರ್ಟ್ ಹಾಲ್‌ನಲ್ಲಿ ಕೂಡಿತು, ಅದ್ಭುತವಾಗಿತ್ತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗುವಷ್ಟರಲ್ಲಿ ಬೇಕರ್ ಮತ್ತು ಬ್ರೂಸ್ ನಡುವೆ ಬೇಸ್‌ನ ವಾಲ್ಯೂಮ್ ಬಗ್ಗೆ ಅದೇ ಹಳೆಯ ಜಗಳ. ಇಬ್ಬರಿಗೂ ಅರವತ್ತು ದಾಟಿತ್ತು. ಆಡಿಯೋಸ್ಲೇವ್‌ನವರು ಇದನ್ನು ಮೊದಲೇ ಸರಿಮಾಡಿಕೊಂಡಿದ್ದರು: ಸಂಗೀತ ನಾಲ್ವರದ್ದು, ಸಾಹಿತ್ಯ ಕಾರ್ನೆಲ್‌ದು. ಒಂದು ಸಾಲಿನ ಒಪ್ಪಂದ. ಒಡೆದರು ನಿಜ, 2007ರಲ್ಲಿ, ಆದರೆ ಈ ವಿಷಯಕ್ಕೆ ಬೀದಿಗೆ ಬಂದು ಕಿತ್ತಾಡಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. 1988ರ ವಸಂತ. ಜಾರ್ಜ್ ಹ್ಯಾರಿಸನ್‌ಗೆ ಯುರೋಪಿನಲ್ಲಿ ಬಿಡುಗಡೆಯಾಗುವ ತನ್ನ ಒಂದು ಸಿಂಗಲ್‌ನ ಹಿಂಬದಿಗೆ ಹಾಕಲು ಒಂದು ಹಾಡು ಬೇಕಿತ್ತು. ಲಾಸ್ ಏಂಜಲಿಸ್‌ನಲ್ಲಿ ಜೆಫ್ ಲಿನ್ ಮತ್ತು ರಾಯ್ ಆರ್ಬಿಸನ್ ಜೊತೆ ಊಟಕ್ಕೆ ಕೂತಿದ್ದಾಗ ಮಾತು ಬಂತು. ಸ್ಟುಡಿಯೊ ಸಿಗಲಿಲ್ಲ. ಬಾಬ್ ಡಿಲನ್‌ಗೆ ಫೋನ್ ಮಾಡಿದರೆ, ಮ್ಯಾಲಿಬುವಿನ ತನ್ನ ಮನೆಯ ಗ್ಯಾರೇಜಿನಲ್ಲಿ ಸಣ್ಣ ಸ್ಟುಡಿಯೊ ಇದೆ, ಬನ್ನಿ ಎಂದ. ಹ್ಯಾರಿಸನ್‌ನ ಗಿಟಾರ್ ಟಾಮ್ ಪೆಟ್ಟಿಯ ಮನೆಯಲ್ಲಿತ್ತು, ತರಲು ಹೋದಾಗ ಪೆಟ್ಟಿಯೂ ಜೊತೆಗೆ ಬಂದ. ಹೀಗೆ ಕೂಡಿತು ರಾಕ್ ಇತಿಹಾಸದ ಬಲುದೊಡ್ಡ ಬಳಗ, ಒಂದು ಗಿಟಾರ್ ತರಲು ಹೋದ ದಾರಿಯಲ್ಲಿ.

ಹಾಡಿನ ಹೆಸರೇನು ಎಂದು ಡಿಲನ್ ಕೇಳಿದಾಗ ಹ್ಯಾರಿಸನ್ ಸುತ್ತ ನೋಡಿದ. ಗ್ಯಾರೇಜಿನಲ್ಲಿ ಒಂದು ಪೆಟ್ಟಿಗೆಯ ಮೇಲೆ 'ಹ್ಯಾಂಡಲ್ ವಿತ್ ಕೇರ್' ಎಂದು ಅಚ್ಚಾಗಿತ್ತು. ಅದೇ ಆಯಿತು. ಆರ್ಬಿಸನ್‌ನಂಥ ಗಾಯಕ ಎದುರಿಗೆ ಕೂತಿರುವಾಗ ಅವನಿಂದ ಹಾಡಿಸದೆ ಬಿಡುವುದುಂಟೇ ಎಂದು ಹ್ಯಾರಿಸನ್ ಅವನ ದನಿಗೆಂದೇ ಒಂಟಿತನದ ಒಂದು ತುಣುಕು ಸೇರಿಸಿದ. ಆ ಹಾಡನ್ನು ಇವತ್ತು ರಾತ್ರಿ ಮತ್ತೆ ಕೇಳಿ. ಶುರುವಿನಲ್ಲಿ ಹ್ಯಾರಿಸನ್‌ನ ಸಾಧಾರಣ ದನಿ, ನೆಲದ ಮೇಲೆಯೇ ನಡೆಯುತ್ತದೆ. ಆಮೇಲೆ ಆರ್ಬಿಸನ್ ಬಂದು ಮೆಲ್ಲಗೆ ಮೇಲಕ್ಕೆ ಎತ್ತುತ್ತಾನೆ. ಅವನು ಏರಿದ ಎತ್ತರದಿಂದ ಇಳಿಯಲು ಡಿಲನ್ ಮತ್ತು ಪೆಟ್ಟಿಯ ಒರಟು ದನಿಗಳು ಕಾದಿರುತ್ತವೆ. ಯಾರೂ ಯಾರ ಜಾಗಕ್ಕೂ ಕಾಲಿಡುವುದಿಲ್ಲ. ಇದನ್ನು ಯೋಜಿಸಿದವನು ಬೀಟಲ್ಸ್‌ನಲ್ಲಿ ಆಲ್ಬಂಗೆ ಒಂದೋ ಎರಡೋ ಹಾಡಿನ ಜಾಗಕ್ಕೆ ವರ್ಷಗಟ್ಟಲೆ ಕಾದವನು ಎಂಬುದು ನನಗೆ ಮುಖ್ಯ. ಜಾಗ ಸಿಗದವನ ಸಂಕಟ ಗೊತ್ತಿದ್ದುದರಿಂದಲೇ ಅವನು ಎಲ್ಲರಿಗೂ ಜಾಗ ಮಾಡಿಕೊಟ್ಟ ಎಂದು ನನ್ನ ನಂಬಿಕೆ.

ಹಾಡು ಕೇಳಿದ ಕಂಪನಿಯವರು ಇದನ್ನು ಸಿಂಗಲ್‌ನ ಹಿಂಬದಿಗೆ ಹಾಕಿ ಹಾಳುಮಾಡಬೇಡಿ ಎಂದರು. ಆಗ ಆಲ್ಬಂ ಮಾಡೋಣ ಎಂದಾಯಿತು. ಡಿಲನ್ ಜೂನ್‌ನಲ್ಲಿ ಪ್ರವಾಸಕ್ಕೆ ಹೊರಡಬೇಕಿತ್ತು, ಆದ್ದರಿಂದ ಮೇ ತಿಂಗಳಲ್ಲಿ ಸುಮಾರು ಹತ್ತು ದಿನ ಸಿಕ್ಕಿತು. ಸಂಗೀತಗಾರ ಡೇವ್ ಸ್ಟೂವರ್ಟ್ ಮನೆಯ ಅಡುಗೆಮನೆಯಲ್ಲಿ ವೃತ್ತವಾಗಿ ಕೂತು ಅಕೂಸ್ಟಿಕ್ ಗಿಟಾರ್‌ಗಳನ್ನು ನುಡಿಸಿ ರೆಕಾರ್ಡ್ ಮಾಡಿದರು. ಟ್ರಾವೆಲಿಂಗ್ ವಿಲ್ಬರೀಸ್ ಎಂಬ ಹೆಸರಿನಲ್ಲಿ ಐವರೂ ಕಲ್ಪಿತ ಅಣ್ಣತಮ್ಮಂದಿರಾದರು: ನೆಲ್ಸನ್, ಓಟಿಸ್, ಲಕಿ, ಲೆಫ್ಟಿ, ಚಾರ್ಲಿ ಟಿ. ಜೂನಿಯರ್. ಆಲ್ಬಂನ ಮೇಲೆ ನಿಜ ಹೆಸರುಗಳೇ ಇಲ್ಲ. ಹಾಡುಗಳ ಕ್ರೆಡಿಟ್ ಎಲ್ಲರದ್ದೂ. ಆಲ್ಬಂ ಅಕ್ಟೋಬರ್‌ನಲ್ಲಿ ಬಂತು. ಡಿಸೆಂಬರ್ 6ರಂದು ಆರ್ಬಿಸನ್ ತೀರಿಕೊಂಡ, 52 ವರ್ಷಕ್ಕೆ. ಆಲ್ಬಂಗೆ ಗ್ರ್ಯಾಮಿ ಬಂದಾಗ ಅವನಿರಲಿಲ್ಲ. 1990ರಲ್ಲಿ ಉಳಿದ ನಾಲ್ವರು ಇನ್ನೊಂದು ಆಲ್ಬಂ ಮಾಡಿ ಅವನಿಗೆ ಅರ್ಪಿಸಿದರು. ಅದನ್ನು ನಾನು ಪ್ರೀತಿಯಿಂದಲೇ ಕೇಳುತ್ತೇನೆ, ಆದರೆ ಎತ್ತಿ ಹಿಡಿಯುವ ಆ ದನಿಯ ಜಾಗ ಖಾಲಿಯೇ ಉಳಿದಿದೆ. ವಿಲ್ಬರೀಸ್ ಒಂದೇ ಒಂದು ಪ್ರವಾಸವನ್ನೂ ಮಾಡಲಿಲ್ಲ.

ಸಿಯಾಟಲ್‌ನ ಟೆಂಪಲ್ ಆಫ್ ದಿ ಡಾಗ್ ಕಥೆ ಇದಕ್ಕಿಂತ ಚಿಕ್ಕದು, ಇನ್ನೂ ಆಳವಾದದ್ದು. ಮದರ್ ಲವ್ ಬೋನ್ ಬ್ಯಾಂಡ್‌ನ ಗಾಯಕ ಆಂಡ್ರೂ ವುಡ್ 1990ರ ಮಾರ್ಚ್‌ನಲ್ಲಿ ಹೆರಾಯಿನ್‌ನಿಂದ ಸತ್ತ, 24 ವರ್ಷಕ್ಕೆ. ಅವನ ಜೊತೆ ಒಂದೇ ಮನೆಯಲ್ಲಿದ್ದ ಕ್ರಿಸ್ ಕಾರ್ನೆಲ್ ಪ್ರವಾಸದಲ್ಲಿದ್ದಾಗ ಗೆಳೆಯನ ನೆನಪಿಗೆ ಎರಡು ಹಾಡು ಬರೆದ. ವುಡ್‌ನ ಬ್ಯಾಂಡ್‌ನಲ್ಲಿ ಉಳಿದಿದ್ದ ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್‌ಗೆ ಅವನ್ನು ಕೇಳಿಸಿದ. ಎರಡು ಹಾಡು ಹತ್ತಾದವು. ಆಗಷ್ಟೇ ಸ್ಯಾನ್ ಡಿಯಾಗೊದಿಂದ ಬಂದಿದ್ದ, ಯಾರಿಗೂ ಗೊತ್ತಿಲ್ಲದ ಎಡ್ಡಿ ವೆಡ್ಡರ್ ತನ್ನ ಸರದಿಗೆ ಕಾಯುತ್ತಾ ಕೂತಿದ್ದ. ಕಾರ್ನೆಲ್ ಒಬ್ಬನೇ ಒಂದು ಹಾಡಿನ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಹಾಡಲು ಒದ್ದಾಡುತ್ತಿದ್ದುದನ್ನು ನೋಡಿ ಎದ್ದು ಬಂದು ಮೈಕ್ ಮುಂದೆ ನಿಂತು ಕೆಳಗಿನದನ್ನು ತಾನು ಹಾಡಿದ. 'ಹಂಗರ್ ಸ್ಟ್ರೈಕ್' ಹಾಗೆ ಯುಗಳಗೀತೆ ಆಯಿತು. 1991ರ ಏಪ್ರಿಲ್‌ನಲ್ಲಿ ಆಲ್ಬಂ ಬಂದಾಗ ಹೆಚ್ಚು ಜನ ತಿರುಗಿಯೂ ನೋಡಲಿಲ್ಲ. ಗೊಸಾರ್ಡ್, ಅಮೆಂಟ್ ಮತ್ತು ವೆಡ್ಡರ್ ಇದ್ದ ಪರ್ಲ್ ಜ್ಯಾಮ್, ಕಾರ್ನೆಲ್‌ನ ಸೌಂಡ್‌ಗಾರ್ಡನ್ ಎರಡೂ ಮನೆಮಾತಾದ ಮೇಲೆಯೇ ಜಗತ್ತು ಅದನ್ನು ಸೂಪರ್‌ಗ್ರೂಪ್ ಎಂದು ಕರೆದದ್ದು. ಅವರ ಪಾಲಿಗೆ ಅದು ಸತ್ತ ಗೆಳೆಯನಿಗೆ ಮಾಡಿದ ಕೆಲಸವಾಗಿತ್ತು, ಮುಗಿದಾಗ ಮುಗಿಯಿತು. ಮತ್ತೆ ಪ್ರವಾಸ ಹೊರಟದ್ದು ಇಪ್ಪತ್ತೈದು ವರ್ಷ ತುಂಬಿದಾಗ, 2016ರಲ್ಲಿ.

ಇತ್ತೀಚಿನ ಒಂದು ಹೆಸರು ಸೇರಿಸಬೇಕು, ಈ ಕಥೆಗಳಲ್ಲಿ ಗಂಡಸರೇ ತುಂಬಿಕೊಂಡಿದ್ದಾರೆ. ಜೂಲಿಯನ್ ಬೇಕರ್, ಫೀಬಿ ಬ್ರಿಜರ್ಸ್, ಲೂಸಿ ಡಾಕಸ್ ಮೂವರೂ 2018ರಲ್ಲಿ ಒಟ್ಟಿಗೆ ಪ್ರವಾಸ ಹೋಗಬೇಕಿತ್ತು. ಅದರ ನೆಪದಲ್ಲಿ ಒಂದು ಹಾಡು ಮಾಡಲು ಕೂತವರು ಕೆಲವೇ ದಿನದಲ್ಲಿ ಆರು ಹಾಡು ಮಾಡಿ ಎದ್ದರು. ಬಾಯ್‌ಜೀನಿಯಸ್ ಎಂದು ಹೆಸರಿಟ್ಟುಕೊಂಡರು. ಮತ್ತೆ ಸೇರಿ ಪೂರ್ತಿ ಆಲ್ಬಂ ಮಾಡಿದ್ದು 2023ರಲ್ಲಿ. 2024ರ ಫೆಬ್ರವರಿಯಲ್ಲಿ ಮೂರು ಗ್ರ್ಯಾಮಿ ಗೆದ್ದರು. ಬ್ಯಾಂಡ್ ಅತ್ಯಂತ ಎತ್ತರದಲ್ಲಿದ್ದಾಗಲೇ ವಿರಾಮ ಎಂದು ಹೇಳಿ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಎಷ್ಟೋ ಗಂಡಸರಿಗೆ ಸಾಧ್ಯವಾಗದ್ದು ಇದು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ. ಮೊದಲ ತಾಲೀಮಿಗೆ ಬರುವಾಗ ಒಬ್ಬರಾದರೂ ಅರ್ಧ ಮುಗಿದ ಹಾಡೊಂದನ್ನು ತನ್ನಿ, ಉಳಿದರ್ಧ ಇನ್ನೊಬ್ಬರಿಂದಲೇ ಆಗಬೇಕು ಅನ್ನಿಸುವಂಥದ್ದನ್ನು. ಅಂಥ ಹಾಡು ಯಾರಲ್ಲೂ ಇಲ್ಲದಿದ್ದರೆ ಇನ್ನೂ ಆರು ತಿಂಗಳು ಕಾಯಿರಿ, ನಾವೂ ಕಾಯುತ್ತೇವೆ. ಹಳೆಯ ಬ್ಯಾಂಡ್‌ಗಳ ಹಾಡು ನುಡಿಸಿ ಎಂದು ನಾವು ಕೂಗಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೂಗುವ ತಪ್ಪು ನಮ್ಮದು, ಆದರೆ ನಿಮ್ಮಲ್ಲಿ ಸಂಜೆ ತುಂಬುವಷ್ಟು ಹೊಸ ಹಾಡುಗಳಿದ್ದರೆ ಎರಡನೆಯ ಗಿಗ್‌ಗೆ ನಾವೇ ಕೂಗುವುದನ್ನು ನಿಲ್ಲಿಸುತ್ತೇವೆ. ಮೊದಲ ಕೆಲವು ಕಾರ್ಯಕ್ರಮಗಳನ್ನು ಐವತ್ತು ಅರವತ್ತು ಜನ ಹಿಡಿಯುವ ಜಾಗದಲ್ಲಿ ಮಾಡಿ. ಹೊಸದರಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯ ನಿಮಗಿರಲಿ. ತಾಲೀಮಿನಲ್ಲಿ ಪಕ್ಕದವರ ನಾದ ಕೇಳಿಸದಿದ್ದರೆ ನಿಮ್ಮ ಆಂಪ್ ತಗ್ಗಿಸಿ, ಅವರದ್ದನ್ನು ಏರಿಸಲು ಹೇಳಬೇಡಿ. ಹಾಡು ಯಾರದ್ದು, ದುಡ್ಡು ಹೇಗೆ ಹಂಚಿಕೆ ಎಂಬುದನ್ನು ಹಾಡು ಹಿಟ್ ಆಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಒಂದೇ ಆಲ್ಬಂ ಮಾಡುವುದೆಂದಿದ್ದರೆ ಒಂದೇ ಎಂದು ಬಾಯಿಬಿಟ್ಟು ಹೇಳಿ. ಅದರಲ್ಲಿ ಅವಮಾನ ಏನೂ ಇಲ್ಲ, ಟೆಂಪಲ್ ಆಫ್ ದಿ ಡಾಗ್ ಇವತ್ತಿಗೂ ಒಂದೇ ಆಲ್ಬಂನ ಬ್ಯಾಂಡ್.

ಮತ್ತೆ, ನಿಮ್ಮ ನಿಮ್ಮ ಬ್ಯಾಂಡ್‌ಗಳನ್ನು ಮುಚ್ಚಬೇಡಿ. ವಿಲ್ಬರೀಸ್‌ಗಾಗಲಿ ಬಾಯ್‌ಜೀನಿಯಸ್‌ಗಾಗಲಿ ಹಗುರವಾಗಿ ನುಡಿಸಲು ಸಾಧ್ಯವಾದದ್ದು, ಮರಳಿ ಹೋಗಲು ಪ್ರತಿಯೊಬ್ಬರಿಗೂ ತಮ್ಮದೇ ಜಾಗ ಇದ್ದುದರಿಂದ. ಹೊಸ ಬ್ಯಾಂಡ್‌ನ ಹೆಗಲ ಮೇಲೆ ಎಲ್ಲರ ಹೊಟ್ಟೆಪಾಡನ್ನೂ ಎಲ್ಲರ ಹೆಸರನ್ನೂ ಹೇರಿದರೆ ಅದು ನಿಲ್ಲಲಾರದು. ನೀವು ಹೊರಡುವಾಗ ಹಿಂದೆ ಉಳಿಯುವ ಬೇಸ್ ವಾದಕರು, ಕೀಬೋರ್ಡ್ ವಾದಕರು ನಿಮ್ಮ ಜೊತೆ ವರ್ಷಗಟ್ಟಲೆ ರಾತ್ರಿ ಬಸ್ಸಿನಲ್ಲಿ ಸಾಮಾನು ಹೊತ್ತವರು. ಹೊಸ ಬ್ಯಾಂಡ್‌ನ ಸುದ್ದಿ ಅವರಿಗೆ ಫೋನಿನ ಪರದೆಯಲ್ಲಿ ಕಾಣುವ ಮೊದಲು, ಈ ವಾರವೇ, ನೀವೇ ಕರೆಮಾಡಿ ಹೇಳಿ.

ಇಂತಿ,
ನಿಮ್ಮೆಲ್ಲರ ಹಳೆಯ ಬ್ಯಾಂಡ್‌ಗಳ ಕೇಳುಗರಲ್ಲೊಬ್ಬ